ಓದುಗರ ಪ್ರಶ್ನೆ: ಕೈಗೆ ಬಂದ ಮಾಹಿತಿಯೆಲ್ಲ ಸುದ್ದಿಯೇ?

ಈ ತಿಂಗಳು ಬಂದ ಪತ್ರಗಳಲ್ಲಿ ಕೆಲವನ್ನು ಸುದ್ದಿ ಬರೆಯುವವರು ಬರೆದಿದ್ದಾರೆ, ಕೆಲವನ್ನು ಸುದ್ದಿಯಿಂದ ನೊಂದವರು ಬರೆದಿದ್ದಾರೆ. ಮಾಹಿತಿಯನ್ನು ಹೇಗೆ ಪಡೆಯಬೇಕು, ಪಡೆದದ್ದನ್ನು ಎಷ್ಟರಮಟ್ಟಿಗೆ ಬಳಸಬೇಕು ಎಂಬ ಒಂದೇ ವಿಷಯದ ಸುತ್ತ ಎಲ್ಲವೂ ಇರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೋರಿಕೆಯಂತೆ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ದಿನಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ನಮ್ಮ ತಾಲ್ಲೂಕಿನ ಪ್ರಭಾವಿ ವ್ಯಕ್ತಿಯೊಬ್ಬರದ್ದು ಎನ್ನಲಾದ ಖಾಸಗಿ ವಿಡಿಯೊಗಳನ್ನು ಅಪರಿಚಿತರೊಬ್ಬರು ನನ್ನ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ್ದಾರೆ. ಅವುಗಳಲ್ಲಿ ಇಬ್ಬರು ಮಹಿಳೆಯರ ಮುಖ ಸ್ಪಷ್ಟವಾಗಿ ಕಾಣುತ್ತದೆ. ಬೇರೆ ವರದಿಗಾರರಿಗೂ ಇವು ತಲುಪಿವೆ, ನಾಳೆ ಯಾರಾದರೂ ಸುದ್ದಿ ಮಾಡಿಯೇ ಮಾಡುತ್ತಾರೆ. ನಾನು ಏನು ಮಾಡಬೇಕು?
— ವರದಿಗಾರ, ತುಮಕೂರು ಜಿಲ್ಲೆ

ಉತ್ತರ: ಮೊದಲನೆಯದಾಗಿ, ಆ ವಿಡಿಯೊಗಳನ್ನು ಯಾರಿಗೂ ಕಳುಹಿಸಬೇಡಿ. ಅಭಿಪ್ರಾಯ ಕೇಳುವ ಸಲುವಾಗಿ ಆಪ್ತ ಸಹೋದ್ಯೋಗಿಗೆ ಕಳುಹಿಸುವುದೂ ಬೇಡ. ಲೈಂಗಿಕ ದೃಶ್ಯಗಳಿರುವ ವಿಡಿಯೊವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ನೀವು ಕಳುಹಿಸುವ ಪ್ರತಿಯೊಂದು ಪ್ರತಿಯೂ ಆ ಇಬ್ಬರು ಮಹಿಳೆಯರ ಬದುಕಿನ ಮೇಲೆ ಬೀಳುವ ಇನ್ನೊಂದು ಪೆಟ್ಟು.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಅಂದಿನ ಸಂಸದರ ಲೈಂಗಿಕ ದೌರ್ಜನ್ಯದ್ದು ಎನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಾಸನದಲ್ಲಿ ಹರಿದಾಡಿದ್ದು ನಿಮಗೆ ನೆನಪಿರಬೇಕು. ಅವುಗಳಲ್ಲಿದ್ದ ಮಹಿಳೆಯರ ಮುಖವನ್ನು ಮಸುಕುಗೊಳಿಸುವಷ್ಟು ಕಾಳಜಿಯೂ ಹಂಚಿದವರಿಗೆ ಇರಲಿಲ್ಲ. ಊರಿನಲ್ಲಿ ತಲೆ ಎತ್ತಿ ನಡೆಯಲಾಗದೆ ಕೆಲವರು ಮನೆ ತೊರೆದರೆಂಬ ವರದಿಗಳು ಬಂದವು. ವಿಡಿಯೊ ಹಂಚುವವರ ಮೇಲೂ ಕ್ರಮ ಕೈಗೊಳ್ಳಲಾಗುವುದು ಎಂದು ವಿಶೇಷ ತನಿಖಾ ತಂಡವೇ ಎಚ್ಚರಿಕೆ ಕೊಡಬೇಕಾಯಿತು. ಆ ಪ್ರಕರಣಗಳ ಪೈಕಿ ಒಂದರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮನೆಗೆಲಸದ ಮಹಿಳೆಯೊಬ್ಬರು ಧೈರ್ಯ ಮಾಡಿ ಮುಂದೆ ಬಂದು ಹೇಳಿಕೆ ಕೊಟ್ಟಿದ್ದರಿಂದ, ವಿಧಿವಿಜ್ಞಾನ ಪರೀಕ್ಷೆಯ ಸಾಕ್ಷ್ಯ ಅದಕ್ಕೆ ಜೊತೆಗೂಡಿದ್ದರಿಂದ ಆ ಪ್ರಕರಣ ಗಟ್ಟಿಯಾಗಿ ನಿಂತಿತು. ಅಂಥ ವಿಡಿಯೊ ಸಾಕ್ಷ್ಯವಾಗಿ ಸಲ್ಲಬೇಕಾದ ಜಾಗ ನ್ಯಾಯಾಲಯ. ಬೀದಿಯಲ್ಲಿ ಅದರಿಂದ ಆದದ್ದು ಹೆಣ್ಣುಮಕ್ಕಳಿಗೆ ಹಾನಿ ಮಾತ್ರ.

ಕಳುಹಿಸಿದವರು ಯಾರು, ಈಗಲೇ ಏಕೆ ಕಳುಹಿಸಿದರು ಎಂಬುದನ್ನು ವಿಚಾರಿಸಿ. ಕಳುಹಿಸಿದವರಿಗೆ ರಾಜಕೀಯ ಉದ್ದೇಶವಿದೆ ಎಂಬ ಕಾರಣಕ್ಕೆ ಮಾಹಿತಿ ಸುಳ್ಳಾಗುವುದಿಲ್ಲ. ಆದರೆ ಸುದ್ದಿ ಯಾವ ದಿನ, ಯಾವ ರೂಪದಲ್ಲಿ ಹೊರಬರಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಿದ್ದರೆ ನೀವು ವರದಿಗಾರರಾಗಿ ಉಳಿಯುವುದಿಲ್ಲ, ಅವರ ಪರವಾಗಿ ಕರಪತ್ರ ಹಂಚುವವರಾಗುತ್ತೀರಿ. ವಿಡಿಯೊ ಅಸಲಿಯೇ, ಕತ್ತರಿಸಿ ಜೋಡಿಸಿದ್ದೇ, ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ್ದೇ ಎಂಬುದನ್ನು ಬರಿಗಣ್ಣಿನಿಂದ ತೀರ್ಮಾನಿಸುವ ಕಾಲ ಮುಗಿದಿದೆ. ಸಂಪಾದಕರಿಗೆ ತಿಳಿಸಿ, ಪತ್ರಿಕೆಯ ವಕೀಲರ ಸಲಹೆ ಪಡೆದು, ಮೂಲ ಕಡತವನ್ನು ಒಂದೇ ಕಡೆ ಭದ್ರವಾಗಿಡುವ ವ್ಯವಸ್ಥೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಅಲ್ಲಿ ಬಲವಂತ, ಬೆದರಿಕೆ ಅಥವಾ ಅಧಿಕಾರದ ದುರುಪಯೋಗ ನಡೆದಿದೆಯೇ ಎಂಬುದು. ಇಬ್ಬರು ವಯಸ್ಕರು ಒಪ್ಪಿ ನಡೆದುಕೊಂಡ ಖಾಸಗಿ ಸಂಗತಿಯಾದರೆ, ಆ ಮನುಷ್ಯ ಎಷ್ಟೇ ಪ್ರಭಾವಿಯಾಗಿರಲಿ, ಅದರಲ್ಲಿ ಸುದ್ದಿಯಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ನಮಗೆ ಇಷ್ಟವಿಲ್ಲದವರಿಗೂ ಇದೆ. ಬಲವಂತದ ಸುಳಿವು ಕಂಡರೆ ಮಾತ್ರ ವಿಷಯ ಬೇರೆಯಾಗುತ್ತದೆ. ಆಗಲೂ "ನಿಮ್ಮ ವಿಡಿಯೊ ನೋಡಿದ್ದೇನೆ, ಏನು ಹೇಳುತ್ತೀರಿ" ಎಂದು ಆ ಮಹಿಳೆಯರಿಗೆ ಫೋನ್ ಮಾಡುವುದು ಕ್ರೌರ್ಯ. ಅವರಿಗೆ ನಂಬಿಕೆಯಿರುವ ಮಹಿಳಾ ವಕೀಲರು ಅಥವಾ ಮಹಿಳಾ ಸಂಘಟನೆಯ ಕಾರ್ಯಕರ್ತೆಯರ ಮೂಲಕ, ಮಾತನಾಡುವ ಇಚ್ಛೆ ಇದೆಯೇ ಎಂದಷ್ಟೇ ಕೇಳಿಸಿ. ಇಲ್ಲವೆಂದರೆ ಅದನ್ನು ಒಪ್ಪಿಕೊಳ್ಳಿ. ಅವರು ಹೇಳಿದರೆ, ನೀವು ಬರೆಯುವುದು ವಿಡಿಯೊದಲ್ಲಿ ಏನಿದೆ ಎಂಬುದನ್ನಲ್ಲ, ನಡೆದ ಅಪರಾಧವನ್ನು ಮತ್ತು ಅದನ್ನು ಮುಚ್ಚಿಟ್ಟವರನ್ನು ಕುರಿತು.

ಬರೆಯುವಾಗ ಹೆಸರು ಬಿಟ್ಟರೆ ಸಾಲದು. ಅತ್ಯಾಚಾರ ಸಂತ್ರಸ್ತೆಯ ಗುರುತು ತಿಳಿಸುವ ಯಾವ ವಿವರವನ್ನೂ, ಆಕೆ ತೀರಿಕೊಂಡಿದ್ದರೂ, ಪ್ರಕಟಿಸಕೂಡದು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಆಗಿದ್ದ ಆ ನಿಷೇಧ ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಆಗಿದೆ. ಅದೇ 2018ರಲ್ಲಿ, ಕಠುವಾ ಅತ್ಯಾಚಾರ ಪ್ರಕರಣದ ಬಾಲಕಿಯ ಹೆಸರು ಪ್ರಕಟಿಸಿದ 12 ಮಾಧ್ಯಮ ಸಂಸ್ಥೆಗಳು ಸಂತ್ರಸ್ತರ ಪರಿಹಾರ ನಿಧಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿತ್ತು. ರಾಜಧಾನಿಯ ಪತ್ರಿಕೆಗೆ ಸಣ್ಣದೆನಿಸುವ ವಿವರ ತಾಲ್ಲೂಕಿನಲ್ಲಿ ಸಣ್ಣದಲ್ಲ. "ಇಂಥ ಹೋಬಳಿಯ ಅಂಗನವಾಡಿ ಸಹಾಯಕಿ, ಪತಿ ಬಸ್ ನಿರ್ವಾಹಕ" ಎಂದು ಬರೆದರೆ ಹೋಬಳಿಯಲ್ಲಿ ಹೆಸರು ಬೇಕಾಗಿಯೇ ಇಲ್ಲ. ನಿಮ್ಮ ವರದಿಯನ್ನು ಆ ಊರಿನ ಟೀ ಅಂಗಡಿಯಲ್ಲಿ ಕುಳಿತು ಓದುವವನ ಕಣ್ಣಿನಿಂದ ಒಮ್ಮೆ ಓದಿ, ಅವನಿಗೆ ಯಾರೆಂದು ಗೊತ್ತಾಗುವಂತಿರುವ ಎಲ್ಲವನ್ನೂ ತೆಗೆದುಹಾಕಿ.

ಬೇರೆಯವರು ಮೊದಲು ಸುದ್ದಿ ಮಾಡಿದರೆ ಮಾಡಲಿ. ಅವರ ಅವಸರ ನಿಮಗೆ ಅನುಮತಿಯಾಗುವುದಿಲ್ಲ.

ಪ್ರಶ್ನೆ: ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವರಿಂದ ಹಣ ಕೇಳುತ್ತಾರೆ. ರೋಗಿಯ ಸಂಬಂಧಿಯೆಂದು ಹೇಳಿಕೊಂಡು ಗುಪ್ತ ಕ್ಯಾಮೆರಾ ಇಟ್ಟುಕೊಂಡು ಹೋಗಬೇಕೆಂದಿದ್ದೇನೆ. ಇದು ಸರಿಯೇ?
— ಹವ್ಯಾಸಿ ಪತ್ರಕರ್ತೆ, ಕಲಬುರಗಿ

ಉತ್ತರ: ನಿಮ್ಮ ಕಾಳಜಿ ಮೆಚ್ಚುವಂಥದ್ದು. ಬಡವರ ಮನೆಯ ಹೆರಿಗೆಗೆ ಲಂಚ ಕೇಳುವುದನ್ನು ಬಯಲಿಗೆಳೆಯುವುದು ಪತ್ರಿಕೆಯ ಕರ್ತವ್ಯ. ಆದರೆ ಸುಳ್ಳು ಹೇಳಿ ಒಳಹೊಕ್ಕು ಚಿತ್ರೀಕರಿಸುವುದು, ಬೇರೆ ಎಲ್ಲ ಬಾಗಿಲುಗಳೂ ಮುಚ್ಚಿವೆ ಎಂದು ಖಾತ್ರಿಯಾದ ಮೇಲೆ ಮಾತ್ರ ಯೋಚಿಸಬೇಕಾದ ದಾರಿ. ನಿಮ್ಮ ಪತ್ರ ಓದಿದರೆ, ತೆರೆದ ಬಾಗಿಲುಗಳನ್ನು ನೀವಿನ್ನೂ ತಟ್ಟಿದಂತೆ ಕಾಣುವುದಿಲ್ಲ.

ಕಳೆದ ಕೆಲವು ತಿಂಗಳಲ್ಲಿ ಅಲ್ಲಿ ಹೆರಿಗೆಯಾದ ಹತ್ತಾರು ಕುಟುಂಬಗಳನ್ನು ಅವರವರ ಮನೆಯಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ, ಬೇರೆ ಬೇರೆಯಾಗಿ ಭೇಟಿ ಮಾಡಿ. ಯಾವ ದಿನ, ಯಾರು, ಎಷ್ಟು ಕೇಳಿದರು, ಯಾರ ಕೈಗೆ ಕೊಟ್ಟಿರಿ ಎಂದು ಬರೆದುಕೊಳ್ಳಿ. ಬಿಡುಗಡೆ ಚೀಟಿಯಲ್ಲಿರುವ ದಿನಾಂಕದೊಂದಿಗೆ ತಾಳೆ ನೋಡಿ. ಪರಸ್ಪರ ಪರಿಚಯವಿಲ್ಲದ ಹತ್ತು ಜನ ಒಂದೇ ದರ ಹೇಳಿದರೆ, ಆ ವರದಿಗೆ ಅಲುಗಾಡುವ ಗುಪ್ತ ಚಿತ್ರಕ್ಕಿಂತ ಹೆಚ್ಚಿನ ಬಲವಿದೆ. ಔಷಧವನ್ನು ಹೊರಗಿನಿಂದ ತರಿಸುತ್ತಿದ್ದರೆ ದಾಸ್ತಾನು ವಹಿ ನೋಡಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಪ್ರತಿ ಕೇಳಬಹುದು, ಕಚೇರಿಗೇ ಹೋಗಿ ಕಡತ ಪರಿಶೀಲಿಸಲೂ ಅವಕಾಶವಿದೆ. 30 ದಿನಗಳೊಳಗೆ ಉತ್ತರ ಬರಬೇಕು. ಹಣ ಕೊಟ್ಟವರು ದೂರು ಕೊಡಲು ಸಿದ್ಧರಿದ್ದರೆ ಅವರು ಲೋಕಾಯುಕ್ತ ಪೊಲೀಸರ ಬಳಿ ಹೋಗಬಹುದು. ರಾಸಾಯನಿಕ ಪುಡಿ ಸವರಿದ ನೋಟು, ಪಂಚರು, ಪಂಚನಾಮೆ ಇವೆಲ್ಲ ಇಟ್ಟುಕೊಂಡು ಲಂಚಕೋರರನ್ನು ಹಿಡಿಯುವ ಅವರ ಕಾರ್ಯಾಚರಣೆಯನ್ನು ಪತ್ರಕರ್ತರು ತಾವೇ ನಡೆಸಲು ಹೋಗಬಾರದು.

ಇಷ್ಟೆಲ್ಲ ಮಾಡಿಯೂ ಸತ್ಯ ಸಿಗದಿದ್ದರೆ ಗುಪ್ತ ಚಿತ್ರೀಕರಣದ ಪ್ರಶ್ನೆ ಬರುತ್ತದೆ. ಭಾರತೀಯ ಪತ್ರಿಕಾ ಮಂಡಳಿಯ ನಡವಳಿಕೆ ಸೂತ್ರಗಳ ಪ್ರಕಾರ, ಬಲವಾದ ಕಾರಣವಿಲ್ಲದೆ ಯಾರ ಮಾತನ್ನೂ ಅವರಿಗೆ ತಿಳಿಯದಂತೆ ಧ್ವನಿಮುದ್ರಿಸಬಾರದು. ಕುಟುಕು ಕಾರ್ಯಾಚರಣೆಯ ಪ್ರತಿ ಹಂತವನ್ನೂ ಆಗಿಂದಾಗ ಬರಹದಲ್ಲಿ ದಾಖಲಿಸಬೇಕು. ಅದು ಅಸಲಿ ಎಂದು ಚಿತ್ರೀಕರಿಸಿದವರು ಪ್ರಮಾಣೀಕರಿಸಬೇಕು. ಸಾರ್ವಜನಿಕ ಹಿತವಿದೆ ಎಂದು ಮನಗಂಡು ಸಂಪಾದಕರೇ ಪ್ರಕಟಣೆಯ ತೀರ್ಮಾನ ಮಾಡಬೇಕು. ಹವ್ಯಾಸಿಯಾಗಿ ನೀವೊಬ್ಬರೇ ಇದಕ್ಕೆ ಕೈ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಕುಟುಕು ಕಾರ್ಯಾಚರಣೆ ನಡೆಸಿದವರಿಗೆ ಪತ್ರಕರ್ತರೆಂಬ ಕಾರಣಕ್ಕೆ ಕ್ರಿಮಿನಲ್ ಮೊಕದ್ದಮೆಯಿಂದ ತಾನಾಗಿಯೇ ರಕ್ಷಣೆ ಸಿಗುವುದಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಡೆಯುತ್ತಿರುವ ತಪ್ಪನ್ನು ಚಿತ್ರೀಕರಿಸುವುದು ಒಂದು. ನೀವೇ ಹಣದ ಆಸೆ ತೋರಿಸಿ, ನಡೆಯದಿರಬಹುದಾಗಿದ್ದ ತಪ್ಪನ್ನು ನಡೆಸಿ ಚಿತ್ರೀಕರಿಸುವುದು ಇನ್ನೊಂದು. ಎರಡನೆಯದು ಪತ್ರಿಕೋದ್ಯಮವಲ್ಲ. 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವೃತ್ತಿಗೆ ದೂಡುತ್ತಿದ್ದಾರೆಂದು ಟಿವಿ ವಾಹಿನಿಯೊಂದು ಗುಪ್ತ ಚಿತ್ರ ಪ್ರಸಾರ ಮಾಡಿತು. ಗುಂಪು ಶಾಲೆಗೆ ನುಗ್ಗಿ ಆಕೆಯ ಮೇಲೆ ಹಲ್ಲೆ ನಡೆಸಿತು, ಆಕೆ ಕೆಲಸ ಕಳೆದುಕೊಂಡು ಬಂಧನಕ್ಕೊಳಗಾದರು. ಬಳಿಕ ಇಡೀ ಚಿತ್ರವೇ ಹೆಣೆದದ್ದೆಂದು ತನಿಖೆಯಲ್ಲಿ ಗೊತ್ತಾಯಿತು. ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ನಿಲ್ಲಿಸಲಾಯಿತು. ಆ ಶಿಕ್ಷಕಿ ಕಳೆದುಕೊಂಡದ್ದರ ಪಕ್ಕದಲ್ಲಿ ಆ ಒಂದು ತಿಂಗಳು ಎಷ್ಟರದ್ದು?

ಉದ್ದೇಶ ಒಳ್ಳೆಯದಾಗಿದ್ದಾಗಲೂ ಪ್ರಶ್ನೆಗಳು ಮುಗಿಯುವುದಿಲ್ಲ ಎಂಬುದಕ್ಕೆ ಇನ್ನೂ ಹಳೆಯ ಪ್ರಕರಣವೊಂದಿದೆ. 1981ರಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ವರದಿಗಾರ ಅಶ್ವಿನಿ ಸರಿನ್, ಹೆಣ್ಣುಮಕ್ಕಳ ಮಾರಾಟ ನಡೆಯುತ್ತಿದೆ ಎಂದು ಸಾಬೀತುಪಡಿಸಲು ಧೋಲ್‌ಪುರದ ಕಡೆಯಿಂದ ಒಬ್ಬ ಮಹಿಳೆಯನ್ನು 2,300 ರೂಪಾಯಿಗೆ ಖರೀದಿಸಿ ತಂದರು. ದೇಶ ಬೆಚ್ಚಿಬಿದ್ದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ವ್ಯವಸ್ಥೆಯ ಮುಖವಾಡ ಕಳಚಿದ ಆ ವರದಿಯನ್ನು ನಾನು ಗೌರವಿಸುತ್ತೇನೆ. ಆದರೆ ಆಶ್ರಯಧಾಮಕ್ಕೆ ಸೇರಿಸಿದ ಆ ಮಹಿಳೆ ಮುಂದೆ ಅಲ್ಲಿಂದ ಕಾಣೆಯಾದರು. ತನ್ನನ್ನು ಏಕೆ ಕರೆತಂದಿದ್ದಾರೆ, ಸುದ್ದಿ ಅಚ್ಚಾದ ಮರುದಿನ ತನ್ನ ಗತಿಯೇನು ಎಂಬುದನ್ನು ಅವರಿಗೆ ಅರ್ಥವಾಗುವಂತೆ ಹೇಳಿ ಒಪ್ಪಿಗೆ ಪಡೆಯುವ ಪ್ರಶ್ನೆ ಅಲ್ಲಿ ಎಲ್ಲಿಯಾದರೂ ಬಂದಿತ್ತೇ ಎಂದು ನಾವು ಕೇಳಿಕೊಳ್ಳಲೇಬೇಕು. ನಿಮ್ಮ ಆಸ್ಪತ್ರೆಯ ವಿಷಯದಲ್ಲೂ ಇದೇ ಮಾತು. ಹೆರಿಗೆ ವಾರ್ಡಿನಲ್ಲಿ ಗುಪ್ತ ಕ್ಯಾಮೆರಾ ಸೆರೆಹಿಡಿಯುವುದು ಲಂಚ ಕೇಳುವವರನ್ನು ಮಾತ್ರವಲ್ಲ, ಬಟ್ಟೆ ಸರಿಪಡಿಸಿಕೊಳ್ಳಲೂ ಶಕ್ತಿಯಿಲ್ಲದೆ ಮಲಗಿರುವ ಬಾಣಂತಿಯರನ್ನು ಕೂಡ. ಆದ್ದರಿಂದ ವಾರ್ಡಿನೊಳಗೆ ಕ್ಯಾಮೆರಾ ಬೇಡವೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

2012ರ ಫೆಬ್ರುವರಿಯಲ್ಲಿ ನಮ್ಮ ವಿಧಾನಸಭೆಯ ಕಲಾಪದ ವೇಳೆ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಟಿವಿ ಕ್ಯಾಮೆರಾಗಳು ಸೆರೆಹಿಡಿದು, ಮೂವರು ಸಚಿವರು ರಾಜೀನಾಮೆ ಕೊಟ್ಟದ್ದನ್ನು ಇದಕ್ಕೆ ಸಮರ್ಥನೆಯಾಗಿ ನೀವು ಉಲ್ಲೇಖಿಸಿದ್ದೀರಿ. ಎರಡೂ ಒಂದಲ್ಲ. ಅಲ್ಲಿ ಯಾರೂ ವೇಷ ಮರೆಸಿರಲಿಲ್ಲ, ಕ್ಯಾಮೆರಾಗಳು ಸದನದಲ್ಲಿ ಎಲ್ಲರಿಗೂ ತಿಳಿದಂತೆಯೇ ಇದ್ದವು, ಚಿತ್ರಕ್ಕೆ ಸಿಕ್ಕವರು ಜನರ ಕೆಲಸದ ಮೇಲೆ ಕುಳಿತಿದ್ದ ಅಧಿಕಾರಸ್ಥರು.

ಪ್ರಶ್ನೆ: ಅಪಘಾತದಲ್ಲಿ ಮೃತಪಟ್ಟವರ ಚಿತ್ರವನ್ನು ಅವರ ಫೇಸ್‌ಬುಕ್ ಖಾತೆಯಿಂದ ತೆಗೆದು ಬಳಸಬಹುದೇ? ಅದು ಸಾರ್ವಜನಿಕವಾಗಿಯೇ ಇದೆಯಲ್ಲ?
— ಉಪಸಂಪಾದಕ, ದಾವಣಗೆರೆ

ಉತ್ತರ: ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಎಲ್ಲ ಬಳಕೆಗೂ ಒಪ್ಪಿಗೆ ಇದೆ ಎಂದಾಗುವುದಿಲ್ಲ. ಗೆಳೆಯರಿಗೆಂದು ಹಾಕಿದ ಚಿತ್ರ ಅದು. ಕುಟುಂಬದವರಿಗೆ ಸಾವಿನ ಸುದ್ದಿ ಮುಟ್ಟಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ, ಬಂಧುಗಳಲ್ಲಿ ಒಬ್ಬರನ್ನು ಕೇಳಿ ಅವರು ಕೊಟ್ಟ ಚಿತ್ರ ಬಳಸಿ. ಒಂದೇ ಹೆಸರಿನ ಬದುಕಿರುವವರ ಚಿತ್ರ ಅಚ್ಚಾಗುವ ಅಪಾಯವೂ ಇದರಿಂದ ತಪ್ಪುತ್ತದೆ. ಆತ್ಮಹತ್ಯೆಯಾದರೆ ಚಿತ್ರ ಬೇಡ, ವಿಧಾನದ ವಿವರವೂ ಬೇಡ. ಪತ್ರಿಕಾ ಮಂಡಳಿ 2019ರಲ್ಲಿ ಈ ಬಗ್ಗೆ ಮಾರ್ಗಸೂಚಿ ಒಪ್ಪಿಕೊಂಡಿದೆ.

ಪ್ರಶ್ನೆ: ಒಂದು ಗುಂಪು ಎಲ್ಲೋ ದಾಳಿ ಮಾಡಲಿದೆ, ಕ್ಯಾಮೆರಾ ತನ್ನಿ ಎಂದು ನನಗೆ ಮುಂಚಿತವಾಗಿ ಫೋನ್ ಬಂದರೆ ನಾನು ವರದಿಗಾರನಾಗಿ ನಡೆದುಕೊಳ್ಳಬೇಕೇ, ನಾಗರಿಕನಾಗಿಯೇ?
— ಟಿವಿ ವರದಿಗಾರ, ಕರಾವಳಿ

ಉತ್ತರ: ಮೊದಲು ನಾಗರಿಕರಾಗಿ. ಈ ಪ್ರಶ್ನೆಯನ್ನು ಮಂಗಳೂರು ನಮ್ಮೆಲ್ಲರ ಮುಂದೆ ಎರಡು ಬಾರಿ ಇಟ್ಟಿದೆ. 2009ರ ಜನವರಿ 24ರಂದು ಪಬ್‌ನಲ್ಲಿದ್ದ ಯುವತಿಯರ ಮೇಲೆ ದಾಳಿ ನಡೆದಾಗ ಕ್ಯಾಮೆರಾಗಳು ಅಲ್ಲಿದ್ದವು. 2012ರ ಜುಲೈ 28ರಂದು ಪಡೀಲ್ ಬಳಿಯ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ನಡೆದ ದಾಳಿಯನ್ನು ಚಿತ್ರೀಕರಿಸಿದ ವರದಿಗಾರರನ್ನೇ ಪೊಲೀಸರು ಆರೋಪಿಯನ್ನಾಗಿಸಿ ಬಂಧಿಸಿದರು. ಮುಂಚೆ ತಿಳಿದಿದ್ದರೂ ಪೊಲೀಸರಿಗೆ ಹೇಳಲಿಲ್ಲ ಎಂಬುದು ಅವರ ಮೇಲಿನ ಆರೋಪವಾಗಿತ್ತು. ಪೊಲೀಸರಿಗೆ ಕರೆ ಮಾಡಿದರೂ ಸ್ಪಂದನೆ ಸಿಗಲಿಲ್ಲ ಎಂಬುದು ಅವರ ಉತ್ತರವಾಗಿತ್ತು. ಅವರು ತಿಂಗಳುಗಟ್ಟಲೆ ಜೈಲಿನಲ್ಲಿದ್ದರು, ಪತ್ರಕರ್ತರು ರಾಜ್ಯದಾದ್ಯಂತ ಪ್ರತಿಭಟಿಸಿದರು, ಮುಂದೆ ಮೊಕದ್ದಮೆ ಹಿಂತೆಗೆದುಕೊಳ್ಳಲು ಸರ್ಕಾರವೇ ನಿರ್ಧರಿಸಿತು. ದಾಳಿಕೋರರ ಮುಖ ಜಗತ್ತಿಗೆ ಕಂಡದ್ದು ಆ ದೃಶ್ಯಗಳಿಂದಲೇ ಎಂಬುದನ್ನು ಮರೆಯಬಾರದು. ವರದಿಗಾರ ಅಲ್ಲಿಗೆ ಹೋಗಲೇಬಾರದಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಅಂಥ ಘಟನೆಗಳು ಮುಚ್ಚಿಹೋಗುತ್ತವೆ.

ಆದರೆ ಕ್ರಮ ಹೀಗಿರಲಿ. ಕರೆ ಬಂದ ಕೂಡಲೇ 112ಕ್ಕೆ ಫೋನ್ ಮಾಡಿ, ಠಾಣಾಧಿಕಾರಿಗೂ ಮೇಲಧಿಕಾರಿಗೂ ಸಂದೇಶ ಕಳುಹಿಸಿ, ಸಮಯ ಸಮೇತ ದಾಖಲೆ ಉಳಿಸಿಕೊಳ್ಳಿ, ಕಚೇರಿಗೆ ತಿಳಿಸಿ, ಆಮೇಲೆ ಹೊರಡಿ. ಅಪಾಯದಲ್ಲಿರುವವರಿಗೆ ಎಚ್ಚರಿಕೆ ತಲುಪಿಸಲು ಸಾಧ್ಯವಿದ್ದರೆ ಅದನ್ನೂ ಮಾಡಿ. ಇದರಿಂದ ದಾಳಿಯೇ ನಡೆಯದೆ ಸುದ್ದಿ ತಪ್ಪಿಹೋದರೆ ಅದಕ್ಕಿಂತ ಒಳ್ಳೆಯದೇನಿದೆ? ಸ್ಥಳದಲ್ಲಿ, ನಿಮ್ಮ ಕ್ಯಾಮೆರಾಕ್ಕಾಗಿಯೇ ಹೊಡೆಯುತ್ತಿದ್ದಾರೆ ಎಂದು ಕಂಡ ಕ್ಷಣ ಅದನ್ನು ಕೆಳಗಿಳಿಸಿ. ಪ್ರಸಾರದಲ್ಲಿ ದಾಳಿಗೊಳಗಾದವರ ಮುಖ ಮಸುಕಾಗಿರಲಿ, ದಾಳಿ ಮಾಡಿದವರ ಮುಖ ಸ್ಪಷ್ಟವಾಗಿರಲಿ. ನಮ್ಮ ಪರದೆಗಳಲ್ಲಿ ಇದು ತಿರುಗುಮುರುಗಾಗಿದ್ದನ್ನು ಹಲವು ಬಾರಿ ಕಂಡು ಸಂಕಟಪಟ್ಟಿದ್ದೇನೆ.

ಪ್ರಶ್ನೆ: ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟು ಅಧಿಕಾರಿಯೊಬ್ಬರಿಂದ ಕಡತದ ಪ್ರತಿ ಪಡೆದಿದ್ದೆ. ಈಗ ಮೂಲ ಯಾವುದೆಂದು ಕೇಳುತ್ತಿದ್ದಾರೆ. ಕಾನೂನು ನನ್ನ ಪರವಾಗಿದೆಯೇ?
— ಜಿಲ್ಲಾ ವರದಿಗಾರ, ಬೆಳಗಾವಿ

ಉತ್ತರ: ಅರ್ಧದಷ್ಟು ಮಾತ್ರ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2)ನೇ ಕಲಂ, ಮೂಲ ತಿಳಿಸುವಂತೆ ಪತ್ರಕರ್ತರನ್ನು ಬಲವಂತಪಡಿಸಬಾರದು ಎನ್ನುತ್ತದೆ, ಆದರೆ ಅದು ಮಂಡಳಿಯ ಮುಂದಿನ ವಿಚಾರಣೆಗೆ ಮಾತ್ರ ಅನ್ವಯಿಸುತ್ತದೆ. ನ್ಯಾಯಾಲಯದಲ್ಲಿ ಅಂಥ ಪ್ರತ್ಯೇಕ ರಕ್ಷಣೆ ಕೊಡುವ ಕಾನೂನು ನಮ್ಮಲ್ಲಿಲ್ಲ. ಸುದ್ದಿಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಷರತ್ತುಗಳಲ್ಲಿ ಒಂದು ಎಂದು ಸುಪ್ರೀಂ ಕೋರ್ಟ್ ಪೆಗಾಸಸ್ ಎಂಬ ಗೂಢಚರ್ಯೆ ತಂತ್ರಾಂಶದ ಕುರಿತ 2021ರ ಆದೇಶದಲ್ಲಿ ಹೇಳಿರುವುದು ನಿಮಗೆ ಆಸರೆ. ವಕೀಲರಿಲ್ಲದೆ ಯಾವ ಉತ್ತರವನ್ನೂ ಕೊಡಬೇಡಿ, ಫೋನನ್ನು ಕೇಳಿದ ತಕ್ಷಣ ಒಪ್ಪಿಸಬೇಡಿ, ಕೊಟ್ಟ ಮಾತಿಗೆ ತಪ್ಪಬೇಡಿ. ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಮಾಹಿತಿ ಕೊಟ್ಟ ಮಾರ್ಕ್ ಫೆಲ್ಟ್ ಅವರ ಗುರುತನ್ನು 'ವಾಷಿಂಗ್ಟನ್ ಪೋಸ್ಟ್' ಪತ್ರಕರ್ತರು ಮೂರು ದಶಕಕ್ಕೂ ಹೆಚ್ಚು ಕಾಲ ಕಾಪಾಡಿದರು. 2005ರಲ್ಲಿ ಫೆಲ್ಟ್ ತಾವೇ ಹೇಳಿಕೊಂಡ ಮೇಲಷ್ಟೇ ಅದನ್ನು ದೃಢಪಡಿಸಿದರು.

ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದು ಅಪರೂಪ; ನಮ್ಮ ಅಜಾಗರೂಕತೆ ಹೇಳಿಬಿಡುತ್ತದೆ. ಪ್ರಕಟಿಸಿದ ಪ್ರತಿಯ ಮೂಲೆಯಲ್ಲಿರುವ ಸ್ವೀಕೃತಿ ಸಂಖ್ಯೆ, ಅಂಚಿನ ಕೈಬರಹ, ಆ ಕಡತ ನೋಡಿದವರು ಮೂವರೇ ಎಂಬ ಸಂಗತಿ, ಇವುಗಳಿಂದಲೇ ಗುಮಾಸ್ತರೊಬ್ಬರು ಅಮಾನತಾಗಿಬಿಡಬಹುದು. ಪ್ರತಿಯನ್ನು ಅಚ್ಚು ಹಾಕದೆ ಅದರಲ್ಲಿರುವುದನ್ನು ಇನ್ನೊಂದು ಮೂಲದಿಂದ ದೃಢಪಡಿಸಿಕೊಂಡು ಬರೆಯುವುದು ಮೇಲು. 'ಆಫ್ ದ ರೆಕಾರ್ಡ್' ಎಂದರೆ ಬರೆಯಬಾರದೆಂದೇ, ಬರೆದು ಹೆಸರು ಬಿಡಬೇಕೆಂದೇ ಎಂಬುದನ್ನು ಮಾತು ಶುರುವಾಗುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಹಾಗೆಯೇ, ಒಬ್ಬರ ಚಾರಿತ್ರ್ಯಹರಣ ಮಾಡಲು 'ಬಲ್ಲ ಮೂಲಗಳು' ಎಂಬ ಮರೆಯನ್ನು ಯಾರಿಗೂ ಒದಗಿಸಬೇಡಿ. ದಾಖಲೆ ಕೊಡುವವರಿಗೆ ಆ ರಕ್ಷಣೆ ಇರಲಿ, ಬರೀ ಆರೋಪ ಮಾಡುವವರಿಗೆ ಬೇಡ.

ಪ್ರಶ್ನೆ: ನನ್ನ ತಮ್ಮನನ್ನು ಕಳ್ಳತನದ ಆರೋಪದಲ್ಲಿ ಬಂಧಿಸಿದಾಗ ಪತ್ರಿಕೆಯೊಂದು ಫೋಟೊ ಸಮೇತ ಪ್ರಕಟಿಸಿತು. ವರ್ಷಗಳ ಬಳಿಕ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ಅದು ಎಲ್ಲಿಯೂ ಬರಲಿಲ್ಲ. ಇಂದಿಗೂ ಅವನ ಹೆಸರು ಹುಡುಕಿದರೆ ಹಳೆಯ ಸುದ್ದಿಯೇ ಸಿಗುತ್ತದೆ. ನಾವು ಯಾರನ್ನು ಕೇಳಬೇಕು?
— ಓದುಗರು, ಮಂಡ್ಯ

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಬಂಧನದ ಸುದ್ದಿಯನ್ನು ಪೊಲೀಸ್ ಪ್ರಕಟಣೆಯಿಂದ ಹಾಗೆಯೇ ಎತ್ತಿ ಬರೆದು, ಖುಲಾಸೆಯನ್ನು ಗಮನಿಸದೇ ಹೋಗುವುದು ನಮ್ಮ ಪತ್ರಿಕೆಗಳ ಬಹುದೊಡ್ಡ ಅನ್ಯಾಯಗಳಲ್ಲಿ ಒಂದೆಂದು ನಾನು ನಂಬಿದ್ದೇನೆ. ಒಬ್ಬರ ಬಂಧನವನ್ನು ಹೆಸರು ಸಹಿತ ಪ್ರಕಟಿಸಿದ ಪತ್ರಿಕೆ ಆ ಪ್ರಕರಣದ ಕೊನೆಯವರೆಗೂ ಹೋಗುವ ಹೊಣೆಯನ್ನು ಹೊತ್ತಿರುತ್ತದೆ.

ತೀರ್ಪಿನ ದೃಢೀಕೃತ ನಕಲು ಪಡೆದು, ಹಳೆಯ ವರದಿಯ ದಿನಾಂಕ ಮತ್ತು ಪುಟಸಂಖ್ಯೆಯೊಂದಿಗೆ ಸಂಪಾದಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ. ಖುಲಾಸೆಯ ಸುದ್ದಿಯನ್ನು ಬಂಧನದ ಸುದ್ದಿಗೆ ಕೊಟ್ಟಷ್ಟೇ ಪ್ರಾಮುಖ್ಯದಿಂದ ಪ್ರಕಟಿಸುವಂತೆಯೂ, ಜಾಲತಾಣದಲ್ಲಿರುವ ಹಳೆಯ ವರದಿಯ ಮೊದಲ ಸಾಲಿಗೇ ತೀರ್ಪಿನ ವಿವರ ಸೇರಿಸುವಂತೆಯೂ ಕೇಳಿ. ಹಳೆಯ ವರದಿಯನ್ನು ಪೂರ್ತಿ ಅಳಿಸುವುದಕ್ಕಿಂತ ಇದೇ ಒಳ್ಳೆಯದೆಂದು ನನಗೆ ತೋರುತ್ತದೆ. ಅಳಿಸಿದರೆ ಬಂಧನದ ನೆನಪು ಜನರಲ್ಲಿ ಉಳಿದು, ನಿರ್ದೋಷಿ ಎಂಬುದಕ್ಕೆ ದಾಖಲೆ ಇಲ್ಲದಂತಾಗುತ್ತದೆ. ಹುಡುಕಾಟದಲ್ಲಿ ಹೆಸರು ಕಾಣದಂತೆ ಮಾಡಲೇಬೇಕೆಂದಿದ್ದರೆ ನ್ಯಾಯಾಲಯದ ಮೊರೆ ಹೋಗಬಹುದು. 2017ರಲ್ಲಿ ಕರ್ನಾಟಕ ಹೈಕೋರ್ಟ್ ಪ್ರಕರಣವೊಂದರಲ್ಲಿ, ಅಂತರ್ಜಾಲದ ಹುಡುಕಾಟದಲ್ಲಿ ಮಹಿಳೆಯೊಬ್ಬರ ಹೆಸರು ತನ್ನ ಆದೇಶದ ಜೊತೆಗೆ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು.

ಸಂಪಾದಕರು ಸ್ಪಂದಿಸದಿದ್ದರೆ ದೆಹಲಿಯಲ್ಲಿರುವ ಪತ್ರಿಕಾ ಮಂಡಳಿಗೆ ದೂರು ಕೊಡಿ. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಎರಡು ತಿಂಗಳು, ಉಳಿದ ನಿಯತಕಾಲಿಕಗಳ ವಿಷಯದಲ್ಲಿ ನಾಲ್ಕು ತಿಂಗಳು ಕಾಲಮಿತಿ ಇರುವುದರಿಂದ, ತಡವಾದದ್ದಕ್ಕೆ ಕಾರಣವನ್ನು, ಅಂದರೆ ತೀರ್ಪಿನ ದಿನಾಂಕವನ್ನೂ ಸಂಪಾದಕರಿಗೆ ಬರೆದ ಪತ್ರದ ದಿನಾಂಕವನ್ನೂ, ದೂರಿನಲ್ಲಿ ವಿವರಿಸಿ. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ. ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ, ಅವುಗಳ ಬಗ್ಗೆ ಮೊದಲು ಆಯಾ ವಾಹಿನಿಗೇ ಬರೆಯಬೇಕು. ಸುದ್ದಿ ಜಾಲತಾಣವಾದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅದಕ್ಕೊಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, 15 ದಿನಗಳೊಳಗೆ ಅವರು ತೀರ್ಮಾನ ತಿಳಿಸಬೇಕು. ಎಲ್ಲ ಪತ್ರಗಳ ಪ್ರತಿ ಮತ್ತು ಅಂಚೆ ರಸೀದಿಗಳನ್ನು ಜೋಪಾನವಾಗಿಡಿ, ಪತ್ರಕ್ಕೆ ಸಹಿ ಮಾಡುವವರು ನಿಮ್ಮ ತಮ್ಮನೇ ಆಗಿರಲಿ.